ಕೊಪ್ಪಿಕರ್ ರಸ್ತೆಯ ಕನ್ನಡಕದಂಗಡಿ: ಪರೀಕ್ಷೆ ಚೊಲೋ, ಕೋಣೆ ಸಣ್ಣದು

ಹುಬ್ಬಳ್ಳಿಯ ಈ ಅಂಗಡಿಗೆ ಹೋಗಬೇಕಾದ್ದು ಫ್ರೇಮಿಗಲ್ಲ, ಕಣ್ಣಿನ ಪರೀಕ್ಷೆಗೆ. ಪವರ್ ಅಳೆಯುವ ಯಂತ್ರದ (ಆಟೋರಿಫ್ರ್ಯಾಕ್ಟರ್) ಚೀಟಿಯನ್ನೇ ಇವರು ಅಂತಿಮ ಎಂದುಕೊಳ್ಳುವುದಿಲ್ಲ. ಅದರೊಳಗೆ ಕಾಣುವ ಬಲೂನಿನ ಚಿತ್ರ ದೂರದ್ದೆನಿಸಿದರೂ ಮಕ್ಕಳ ಕಣ್ಣು ಹತ್ತಿರದ್ದನ್ನು ನೋಡುವಂತೆ ಬಿಗಿಯಾಗಬಹುದು. ಆಗ ಮೈನಸ್ ಪವರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಅದಕ್ಕೇ ಮಕ್ಕಳನ್ನು ಮೊದಲು ಕಣ್ಣಿನ ಬಿಗಿ ಸಡಿಲಿಸುವ ಹನಿ ಹಾಕಿ ಪರೀಕ್ಷಿಸಲು ವೈದ್ಯರ ಹತ್ತಿರ ಕಳಿಸುತ್ತಾರೆ. ಇದು ಸರಿಯಾದ ಕ್ರಮ.

ದೊಡ್ಡವರಿಗೆ ಟ್ರಯಲ್ ಫ್ರೇಮ್ (ಗಾಜು ಬದಲಿಸಿ ನೋಡುವ ಚೌಕಟ್ಟು) ಹಾಕಿ, ಒಂದೊಂದೇ ಕಣ್ಣು ಮುಚ್ಚಿ, 0.25 ಡಯಾಪ್ಟರಿನ (ಪವರಿನ ಅಳತೆ) ಹೆಜ್ಜೆಯಲ್ಲಿ ಗಾಜು ಬದಲಿಸುತ್ತಾರೆ. ಕೊನೆಗೆ ಕೆಂಪು-ಹಸಿರು ಹಲಗೆ. ಹಸಿರು ಬೆಳಕು ಕಣ್ಣಿನೊಳಗೆ ಕೆಂಪಿಗಿಂತ ಮುಂದೆಯೇ ಕೂಡುತ್ತದೆ. ಹಸಿರಿನ ಮೇಲಿನ ಅಕ್ಷರ ಹೆಚ್ಚು ಕಪ್ಪಾಗಿ ಕಂಡರೆ ಮೈನಸ್ ಜಾಸ್ತಿಯಾಗಿದೆ ಎಂದರ್ಥ. ಎರಡೂ ಸಮ ಕಾಣುವತನಕ ಬಿಡುವುದಿಲ್ಲ. ಈ ತಾಳ್ಮೆ ನಿಜಕ್ಕೂ ಮೆಚ್ಚುವಂಥದ್ದು.

ಕೊರತೆ ಕೋಣೆಯದು. ಅಕ್ಷರದ ಹಲಗೆ 6 ಮೀಟರ್ ದೂರದಿಂದ ಓದುವಂಥದ್ದು, 6/6 ಸಾಲಿನ (ಸಾಮಾನ್ಯ ದೃಷ್ಟಿಯ ಸಾಲು) ಅಕ್ಷರ ಸುಮಾರು 8.7 ಮಿಲಿಮೀಟರ್ ಎತ್ತರ. ಕೂಡಿಸುವುದು ಮಾತ್ರ 4 ಮೀಟರಿಗೆ, ದೂರ ಹೆಚ್ಚಿಸುವ ಕನ್ನಡಿಯೂ ಇಲ್ಲ. ಅಷ್ಟು ಹತ್ತಿರದಿಂದ ಮಂದ ಕಣ್ಣೂ ಪಾಸಾಗುತ್ತದೆ. ಅದರ ಮೇಲೆ ದೂರದ ಮೈನಸ್ ಪವರ್ ಕಾಲು ಡಯಾಪ್ಟರಿನಷ್ಟು ಕಡಿಮೆ ಬೀಳುತ್ತದೆ. ರಾತ್ರಿ ಚಿಗರಿ ಬಸ್ಸಿನ ಬೋರ್ಡು ಮಸುಕಾಗುವುದು ಇಂಥದ್ದರಿಂದಲೇ. ಟ್ರಯಲ್ ಫ್ರೇಮ್ ತೆಗೆಯುವ ಮುನ್ನ ಬಾಗಿಲಿಗೆ ಬಂದು ಎದುರಿನ ಅಂಗಡಿಯ ಫಲಕ ಓದಿ ನೋಡಿ.