ನಡುಕ ಹೆಚ್ಚಾಯಿತೆಂದು ಇಂಜಿನ್ ಬಿಚ್ಚಿಸುವ ಮುನ್ನ

ಒಂಟಿ ಸಿಲಿಂಡರಿನ ಬೈಕು ಇಟ್ಟುಕೊಂಡಿದ್ದು, ಇತ್ತೀಚೆಗೆ ಹ್ಯಾಂಡಲ್ ಮೊದಲಿಗಿಂತ ಹೆಚ್ಚು ನಡುಗುತ್ತಿದೆ ಎಂಬ ಅನುಮಾನ ಬಂದಿರುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಗ್ಯಾರೇಜಿಗೆ ಹೋಗಬೇಕೆಂದು ಕೋರುತ್ತೇನೆ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ನಾನು 18,400 ರೂಪಾಯಿ ತೆತ್ತೆ. ತೆತ್ತ ಮೇಲೆ ನಡುಕ ಇನ್ನಷ್ಟು ಹೆಚ್ಚಾಯಿತು.

ನನ್ನದು 350 ಸಿಸಿ ಗಾಡಿ. ಹಾಸನದಿಂದ ಸಕಲೇಶಪುರಕ್ಕೆ ವಾರದಲ್ಲಿ ಐದು ದಿನ ಅದರಲ್ಲೇ ಓಡಾಟ. ಮೀಟರ್ 31,000 ಕಿಲೋಮೀಟರ್ ದಾಟಿದ ಹೊತ್ತಿಗೆ, 60ರ ವೇಗದ ಆಸುಪಾಸಿನಲ್ಲಿ ಹಿಂದಿನ ಲಾರಿಯ ಆಕಾರ ಕನ್ನಡಿಯಲ್ಲಿ ಕಲಸಿಹೋಗತೊಡಗಿತು. ತಿಂಗಳೊಳಗೆ ನಡುಕ ಫುಟ್‌ರೆಸ್ಟಿಗೂ ಇಳಿಯಿತು, ಊರು ತಲುಪುವಷ್ಟರಲ್ಲಿ ಬೆರಳುಗಳು ಜೋಮು ಹಿಡಿಯುತ್ತಿದ್ದವು, ಕೊನೆಗೆ ನಂಬರ್ ಪ್ಲೇಟಿನ ಪಟ್ಟಿಯೇ ಸೀಳಿತು.

ಗ್ಯಾರೇಜಿನವನು ಆಕ್ಸಿಲರೇಟರ್ ಎರಡು ಸಲ ತಿರುವಿ, ಕಿವಿಗೊಟ್ಟು, "ಕನೆಕ್ಟಿಂಗ್ ರಾಡ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು" ಎಂದ. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಅದರ ಏರಿಳಿತವನ್ನು ಸುತ್ತಾಟವಾಗಿಸುವ ದಂಡಕ್ಕೆ, ಸೇರಿಸುವ ಕೋಲೇ ಈ ರಾಡು. ಒಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆಸಿ, ಬಿಚ್ಚಿಟ್ಟ ಕ್ರ್ಯಾಂಕಿನ ಮೇಲೆ ರಾಡನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತೋರಿಸಿದಾಗ ನಾನು ಸಂಪೂರ್ಣವಾಗಿ ನಂಬಿದೆ. ನಾನು ಮೋಸಹೋದದ್ದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿ ಅಕ್ಕಪಕ್ಕದ ಅಲ್ಪಸ್ವಲ್ಪ ಆಟ, ಅಂದರೆ ಸಡಿಲ ಅಲುಗಾಟ, ಹೊಸ ಇಂಜಿನ್ನಿನಲ್ಲೂ ಇರುತ್ತದೆ, ಇರಲೇಬೇಕು. ಇಲ್ಲದಿದ್ದರೆ ಅದು ಬಿಸಿಯೇರಿ ಹಿಡಿದುಕೊಳ್ಳುತ್ತದೆ. ಆ ತುದಿಯ ಬೇರಿಂಗ್ ಸವೆದಿದ್ದರೆ ರಾಡನ್ನು ಮೇಲಕ್ಕೂ ಕೆಳಕ್ಕೂ ಎಳೆದಾಗ ಆಟ ಸಿಗುತ್ತದೆ, ಓಡುವಾಗ ಒಳಗಿನಿಂದ ದಪ್ಪನೆಯ ಟಕಟಕ ಸದ್ದು ಬರುತ್ತದೆ, ಇಳಿಸಿದ ಆಯಿಲ್‌ನಲ್ಲಿ ಲೋಹದ ಮಿನುಗು ಕಾಣುತ್ತದೆ. ನನ್ನ ಗಾಡಿಯಲ್ಲಿ ಆ ಸದ್ದೂ ಇರಲಿಲ್ಲ, ಆ ಮಿನುಗೂ ಇರಲಿಲ್ಲ. ಮೇಲೆ ಕೆಳಗೆ ಎಳೆದು ತೋರಿಸು ಎಂದು ಕೇಳುವಷ್ಟು ತಿಳಿವಳಿಕೆ ನನಗೂ ಇರಲಿಲ್ಲ.

ಇಂಜಿನ್ ಮರಳಿ ಕೂತ ಮೇಲೆ ಗಾಡಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ಇಂಜಿನ್ ಓಡುವಾಗ) ನಡುಗದೆ ಇರುತ್ತಿತ್ತು, ಆದರೆ 4,000 ಆರ್‌ಪಿಎಂ (ನಿಮಿಷಕ್ಕೆ 4,000 ಸುತ್ತು) ಮುಟ್ಟಿದರೆ ಹ್ಯಾಂಡಲ್ ಹಿಡಿಯಲಾಗುತ್ತಿರಲಿಲ್ಲ. "ರನ್ನಿಂಗ್ ಆದ ಮೇಲೆ ಸರಿಹೋಗುತ್ತೆ" ಎಂಬ ಮಾತು ನಂಬಿ ಮತ್ತೆ 1,000 ಕಿಲೋಮೀಟರ್ ಓಡಿಸಿದೆ. ಹೊಸ ಪಿಸ್ಟನ್ನೂ ರಿಂಗುಗಳೂ ಓಡುತ್ತಾ ಓಡುತ್ತಾ ಹದಕ್ಕೆ ಬರುವುದು ನಿಜ, ಆದರೆ ತಪ್ಪಿದ ತೂಕದ ಸಮತೋಲ ಎಷ್ಟು ಓಡಿಸಿದರೂ ಸರಿಹೋಗುವುದಿಲ್ಲ.

ಬೇರೊಬ್ಬ ಹಿರಿಯ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಕಂಡುಹಿಡಿದದ್ದು ಎರಡು ದೋಷ. ಮೊದಲನೆಯದು ಮೂಲ ಕಾಯಿಲೆ: ಇಂಜಿನ್ನನ್ನು ಚಾಸಿಗೆ ಹಿಡಿದಿಡುವ ಮುಂಭಾಗದ ಮೌಂಟಿಂಗ್ ಬೋಲ್ಟು ಎಂದೋ ಸಡಿಲಗೊಂಡು, ಬ್ರಾಕೆಟ್ಟಿನ ತೂತು ಉದ್ದುದ್ದಕ್ಕೆ ಸವೆದುಹೋಗಿತ್ತು. ಬೋಲ್ಟಿನ ತಲೆಯ ಸುತ್ತ ತುಕ್ಕಿನ ಬಣ್ಣದ ನುಣ್ಣನೆಯ ಪುಡಿ ಕೂತಿತ್ತು. ಲೋಹಕ್ಕೆ ಲೋಹ ಉಜ್ಜಿದಾಗ ಉದುರುವ ಪುಡಿ ಅದು. ಮೊದಲನೆಯವನು ಅದೇ ಬ್ರಾಕೆಟ್ಟನ್ನು ಹಾಗೆಯೇ ಮರಳಿ ಹಾಕಿದ್ದ.

ಎರಡನೆಯದು ಅವನ ಕೊಡುಗೆ. 3,000 ಆರ್‌ಪಿಎಂನಲ್ಲಿ ಪಿಸ್ಟನ್ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ, ಆ ಹೊಡೆತವನ್ನು ತಗ್ಗಿಸಲು ಇಲ್ಲಿ ಇನ್ನೊಂದು ಪಿಸ್ಟನ್ ಇಲ್ಲ. ಕ್ರ್ಯಾಂಕಿನ ತೂಕ ಅದರ ಒಂದು ಪಾಲನ್ನು ಮಾತ್ರ ಸರಿದೂಗಿಸುತ್ತದೆ. ಉಳಿದ ಪಾಲಿಗಾಗಿ ನನ್ನ ಗಾಡಿಯಂಥವುಗಳಲ್ಲಿ ಕ್ರ್ಯಾಂಕಿನಷ್ಟೇ ವೇಗವಾಗಿ, ಆದರೆ ಎದುರು ದಿಕ್ಕಿಗೆ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇರುತ್ತದೆ. ಜೋಡಿಸುವಾಗ ಎರಡರ ಗೇರುಗಳ ಮೇಲಿನ ಗುರುತುಗಳು ಎದುರುಬದುರಾಗಿ ಕೂಡಬೇಕು. ನನ್ನದರಲ್ಲಿ ಎರಡು ಹಲ್ಲು ತಪ್ಪಿತ್ತು. 40 ಹಲ್ಲಿನ ಗೇರಾದರೆ ಅದು 18 ಡಿಗ್ರಿ ಆಗುತ್ತದೆ, ನಡುಕ ತಗ್ಗಿಸಬೇಕಾದ ತೂಕ ಆಗ ಹೊತ್ತುಗೊತ್ತಿಲ್ಲದೆ ಬಡಿಯುತ್ತದೆ. ಕ್ರ್ಯಾಂಕನ್ನು ಹೊದಿಸಿದ ಕ್ರ್ಯಾಂಕ್ ಕೇಸ್ ಬಿಚ್ಚದಿದ್ದರೆ ಈ ತಪ್ಪು ಹುಟ್ಟುತ್ತಲೇ ಇರಲಿಲ್ಲ.

ನಡುಕ ಹೆಚ್ಚಾದವರು ಮೊದಲು ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ಕ್ಲಚ್ ಒತ್ತಿ, ಇಂಜಿನ್ನನ್ನು ಐಡಲ್‌ಗೆ ಬಿಡಬೇಕು. ಆಗಲೂ ನಡುಕ ಉಳಿದರೆ ಚಕ್ರ, ಟಯರ್, ಬೇರಿಂಗ್‌ಗಳ ಕಡೆ ನೋಡಬೇಕು. ನಡುಕ ನಿಂತರೆ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ನ್ಯೂಟ್ರಲ್‌ನಲ್ಲಿ ಅದೇ ಆರ್‌ಪಿಎಂಗೆ ಏರಿಸಬೇಕು. ಅಲ್ಲಿ ನಡುಕವಿಲ್ಲದೆ, ಗೇರಿನಲ್ಲಿ ಎಳೆಯುವಾಗ ಮಾತ್ರ ಬಂದರೆ ಚೈನಿನ ಬಿಗಿತವನ್ನೂ ಹಿಡಿದುಕೊಂಡ ಕೊಂಡಿಗಳನ್ನೂ ಪರೀಕ್ಷಿಸಬೇಕು. ನಿಂತಲ್ಲೇ ನಡುಗಿದರೆ, ಬಿಸಿ ಸೈಲೆನ್ಸರ್ ತಾಗದಂತೆ, ಬ್ರಾಕೆಟ್ಟೂ ಚಾಸಿಯೂ ಸೇರುವ ಜಾಗದ ಮೇಲೆ ಬೆರಳಿಟ್ಟು ನೋಡಿ: ಎರಡೂ ಒಂದಾಗಿ ನಡುಗುತ್ತಿವೆಯೋ, ಒಂದರ ಮೇಲೊಂದು ಜಾರುತ್ತಿವೆಯೋ ಬೆರಳಿಗೇ ತಿಳಿಯುತ್ತದೆ. ಇಂಜಿನ್ನಿನ ತಲೆಯನ್ನು ಚಾಸಿಗೆ ಕಟ್ಟುವ ಪಟ್ಟಿ ಇರುವ ಗಾಡಿಯಾದರೆ ಅದನ್ನೂ ಬಿಡಬೇಡಿ. (ಹ್ಯಾಂಡಲ್ ತುದಿಯ ತೂಕದ ಗುಂಡು ಒಂದು ಉದುರಿದರೂ ಕೈ ನಡುಗುತ್ತದೆ, ಅದನ್ನು ನೋಡಲು ಒಂದು ಕ್ಷಣ ಸಾಕು.)

ಹಳೆಯ ರಾಡನ್ನು ಕೊಡು ಎಂದು ಮೊದಲನೆಯ ಗ್ಯಾರೇಜಿಗೆ ಹೋಗಿ ಕೇಳಿದಾಗ ಗುಜರಿಗೆ ಹೋಯಿತು ಎಂದರು. ಹೊಸ ಬ್ರಾಕೆಟ್ಟು ಹಾಕಿದ ಹಿರಿಯರು ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದುಕೊಟ್ಟಿದ್ದಾರೆ. ನಟ್ಟು ಕೊಂಚ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಪ್ರತಿ ಭಾನುವಾರ ಗಾಡಿ ತೊಳೆಯುವಾಗ ಮೊದಲು ನೋಡುವುದು ಅದನ್ನೇ.