ಸೈಟಿಲ್ಲದ ಮನೆ: ಮೂರು ಮನೆ, ಮೂರು ಸಾಲ ನೋಡಿದ ಲೆಕ್ಕ

"ಸೈಟು ಎಷ್ಟಕ್ಕೆಷ್ಟು?" ತುಮಕೂರಿನಿಂದ ಅಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು.

"ಸೈಟು ನಮ್ಮದಲ್ಲಪ್ಪ. ಮನೆ ಮಾತ್ರ ನಮ್ಮದು. ನೆಲಕ್ಕೆ ತಿಂಗಳು ತಿಂಗಳು ಬಾಡಿಗೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಮತ್ತೆ ಎರಡೂವರೆ ಲಕ್ಷ ಡಾಲರ್ ಕೊಟ್ಟು ಏನೋ ತಗೊಂಡೆ?" ಅಂದರು.

ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಮನೆಗಿಂತ ಸೈಟಿಗೇ ಬೆಲೆ. ಹಳೇ ಮನೆ ಕೆಡವಿದರೂ ಸೈಟು ಉಳಿಯುತ್ತದೆ. ಇಲ್ಲಿ ಕ್ಯಾಲಿಫೋರ್ನಿಯಾದ ಮೊಬೈಲ್ ಹೋಮ್ ಪಾರ್ಕುಗಳಲ್ಲಿ ಪೂರಾ ಉಲ್ಟಾ. ಕಾರ್ಖಾನೆಯಲ್ಲಿ ಕಟ್ಟಿ ತಂದು ಇಟ್ಟ ಮನೆ ನಿಮ್ಮದು, ಅದು ಕೂತ ನೆಲ ಪಾರ್ಕಿನವರದು. ಹೆಸರಿಗೆ ಮೊಬೈಲ್, ಆದರೆ ಒಮ್ಮೆ ಕೂತ ಮೇಲೆ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಎತ್ತುವ ಖರ್ಚು ವಿಪರೀತ, ಹಳೇ ಮನೆಯನ್ನು ಇನ್ನೊಂದು ಪಾರ್ಕು ಒಳಗೆ ಬಿಟ್ಟುಕೊಳ್ಳುವುದೂ ಕಷ್ಟ.

2023ರಲ್ಲಿ ನಾನು ಮತ್ತು ನನ್ನ ಹೆಂಡತಿ ನಾಲ್ಕು ತಿಂಗಳು ಇದರ ಹಿಂದೆ ಬಿದ್ದೆವು. ಮೂರು ಮನೆ ಗಟ್ಟಿಯಾಗಿ ನೋಡಿದೆವು, ಮೂರು ಕಡೆ ಸಾಲ ಕೇಳಿದೆವು. ಕೊನೆಗೆ ಒಂದನ್ನು ಕೊಂಡು ಅಲ್ಲೇ ಇದ್ದೇವೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಈ ಬೇ ಏರಿಯಾದಲ್ಲಿ ಇದೇ ಯೋಚನೆಯಲ್ಲಿರುವ ಕನ್ನಡದವರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು ಸನ್ನಿವೇಲ್‌ನ ಒಂದು ಪಾರ್ಕಿನಲ್ಲಿತ್ತು. ಒಂದು ದೊಡ್ಡ ಕಂಪನಿಯ ಒಡೆತನ. ಈಜುಕೊಳ, ಕ್ಲಬ್ ಹೌಸ್, ಬೋಳಿಸಿದಂತಿರುವ ಹುಲ್ಲು, ಎಲ್ಲಾ ಇತ್ತು. ಮನೆ 2006ರದ್ದು, ಡಬಲ್ ವೈಡ್, ಅಂದರೆ ಎರಡು ಭಾಗ ತಂದು ಮಧ್ಯೆ ಜೋಡಿಸಿದ್ದು. ಒಳಗೆ ಹೋದರೆ ಮಾಮೂಲಿ ಮನೆಯೇ ಅನ್ನಿಸುತ್ತದೆ. ಬೆಲೆ 3.2 ಲಕ್ಷ ಡಾಲರ್. ನನ್ನ ಹೆಂಡತಿಗೆ ಅಡುಗೆಮನೆ ನೋಡಿದ ಕೂಡಲೇ ಮನಸ್ಸು ಬಿದ್ದುಬಿಟ್ಟಿತು. ಮಾರುವವರು ನೆಲಕ್ಕೆ ಕೊಡುತ್ತಿದ್ದ ಬಾಡಿಗೆ, ಇಲ್ಲಿನವರ ಮಾತಿನಲ್ಲಿ ಸ್ಪೇಸ್ ರೆಂಟ್, 1,500 ಡಾಲರ್. ನಾವು ಅದನ್ನೇ ಲೆಕ್ಕಕ್ಕೆ ಹಿಡಿದಿದ್ದೆವು. ಅರ್ಜಿ ಕೊಡಲು ಪಾರ್ಕಿನ ಆಫೀಸಿಗೆ ಹೋದಾಗ ಗೊತ್ತಾಯಿತು, ಹೊಸಬರಿಗೆ 2,100! ಕೇಳದೇ ಇದ್ದದ್ದು ನಮ್ಮ ತಪ್ಪು. ಹೇಳದೇ ಇದ್ದದ್ದು ಯಾರ ತಪ್ಪು ಅಂತ ನೀವೇ ಹೇಳಿ.

ಎರಡನೆಯದು ಸ್ಯಾನ್ ಹೋಸೆಯಲ್ಲಿ. 1989ರ ಡಬಲ್ ವೈಡ್, 2.5 ಲಕ್ಷ, ಸ್ಪೇಸ್ ರೆಂಟ್ 1,250. ಈಜುಕೊಳದ ನೀರು ಪಾಚಿ ಬಣ್ಣಕ್ಕಿತ್ತು. ಕಾರ್ಪೆಟ್ಟಿನಲ್ಲಿ ಯಾರದೋ ನಾಯಿಯ ವಾಸನೆ. ಆದರೆ ಸ್ಯಾನ್ ಹೋಸೆಗೆ ಪಾರ್ಕಿನ ಬಾಡಿಗೆಗೇ ಅಂತ ಒಂದು ನಗರ ಕಾನೂನಿದೆ. ವರ್ಷಕ್ಕೆ ಏರಿಸಬಹುದಾದದ್ದು ಬೆಲೆ ಸೂಚ್ಯಂಕದ ಏರಿಕೆಯ 75%. ಬೆಲೆಗಳು ಎಷ್ಟೇ ಕಡಿಮೆ ಏರಿದರೂ 3% ಏರಿಸಲು ಅವಕಾಶ ಉಂಟು, ಎಷ್ಟೇ ಜಾಸ್ತಿ ಏರಿದರೂ 7% ದಾಟುವಂತಿಲ್ಲ. ಇಡೀ ರಾಜ್ಯಕ್ಕೆ ಇಂಥ ಒಂದೇ ಮಿತಿ ಇಲ್ಲ, ಊರಿಂದ ಊರಿಗೆ ಬೇರೆ. ಏರಿಸುವ 90 ದಿನ ಮೊದಲು ಬರೆದು ತಿಳಿಸಬೇಕು ಅನ್ನುವುದು ಮಾತ್ರ ರಾಜ್ಯದ ಕಾನೂನು.

ಮೂರನೆಯದು ಪಾರ್ಕೇ ಅಲ್ಲ. ಬೇ ಏರಿಯಾ ದಾಟಿ ಪೂರ್ವಕ್ಕಿರುವ ಮ್ಯಾಂಟಿಕಾ ಕಡೆ, ಸ್ವಂತ ನೆಲದ ಮೇಲೆ ಕಾಯಂ ಅಡಿಪಾಯ ಹಾಕಿ ಕೂರಿಸಿದ ಇಂಥದೇ ಮನೆ, 4.2 ಲಕ್ಷ. ಅಡಿಪಾಯದ ಬಗ್ಗೆ 433ಎ ಅನ್ನುವ ದಾಖಲೆ ಆಗಿತ್ತು. ಅದು ಆದರೆ ಮನೆ ಚರಾಸ್ತಿಯಿಂದ ಸ್ಥಿರಾಸ್ತಿಯಾಗುತ್ತದೆ, ಎಲ್ಲರಂತೆ 30 ವರ್ಷದ ಗೃಹಸಾಲ ಸಿಗುತ್ತದೆ. ಬಡ್ಡಿ 6.75% ಹೇಳಿದರು. 4 ಲಕ್ಷ ಸಾಲಕ್ಕೆ ಕಂತು 2,594, ತೆರಿಗೆ, ವಿಮೆ ಸೇರಿದರೆ 3,300 ದಾಟುತ್ತಿತ್ತು. ಅಪ್ಪನಿಗೆ ಕೇಳಿದ್ದರೆ ಕಣ್ಣು ಮುಚ್ಚಿ ಇದನ್ನೇ ಅನ್ನುತ್ತಿದ್ದರು. ನಾವು ಪರಿಚಯದವರ ಮನೆಯಲ್ಲಿ ಒಂದು ವಾರ ಇದ್ದು, ಪಕ್ಕದ ಲೇಥ್ರಾಪ್‌ನಿಂದ ಏಸ್ ಅನ್ನುವ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬಂದು ನೋಡಿದೆವು. ಸೋಮವಾರ ಚೆನ್ನಾಗಿತ್ತು. ಗುರುವಾರ ಮಗಳು ಮಲಗುವ ಮೊದಲು ನಾನು ಮನೆ ಸೇರಲಿಲ್ಲ. ಶುಕ್ರವಾರ ಆ ಮನೆ ಕೈಬಿಟ್ಟೆವು. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರಾದರೆ ನಾನು ಬೇರೆ ಮಾತೇ ಆಡುವುದಿಲ್ಲ, ಅದನ್ನೇ ತೆಗೆದುಕೊಳ್ಳಿ.

ಈಗ ಸಾಲದ ಮಾತು. ಜನ ಎಡವುವುದು ಇಲ್ಲೇ.

ಪಾರ್ಕಿನ ಮನೆ ಚರಾಸ್ತಿ. ಅದರ ಪತ್ರ ಕೌಂಟಿ, ಅಂದರೆ ಜಿಲ್ಲೆಯ, ಕಚೇರಿಯಲ್ಲಿ ಇರುವುದಿಲ್ಲ, ಎಚ್‌ಸಿಡಿ ಅನ್ನುವ ರಾಜ್ಯದ ವಸತಿ ಇಲಾಖೆಯಲ್ಲಿ ಇರುತ್ತದೆ. ಕಾರಿನ ಆರ್‌ಸಿ ಇದ್ದಂತೆ ಅಂದುಕೊಳ್ಳಿ. ಸಾಲವೂ ಕಾರು ಸಾಲದ ಜಾತಿಯದೇ, ಚಾಟೆಲ್ ಲೋನ್ ಅನ್ನುತ್ತಾರೆ. ಮಾಮೂಲಿ ಬ್ಯಾಂಕುಗಳು ಹತ್ತಿರ ಸುಳಿಯುವುದಿಲ್ಲ. ಬಡ್ಡಿ ಗೃಹಸಾಲಕ್ಕಿಂತ ಜಾಸ್ತಿ, ಅವಧಿ ಕಡಿಮೆ.

ಮನೆ ತೋರಿಸಿದ ಡೀಲರ್ ತಾವೇ ಒಬ್ಬ ಸಾಲ ಕೊಡುವವರನ್ನು ಗೊತ್ತು ಮಾಡಿದರು. 9%, 20 ವರ್ಷ. ಮೂರು ದಿನದಲ್ಲಿ ಒಪ್ಪಿಗೆ ಬಂತು. ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ, ಅಂದರೆ ನಮ್ಮ ಸಹಕಾರಿ ಬ್ಯಾಂಕಿನಂಥದ್ದರಲ್ಲಿ, ಕೇಳಿದಾಗ 7.5%, 15 ವರ್ಷ ಅಂದರು. ಆದರೆ ಅವರು ಆರು ವಾರ ಅಲೆಸಿದರು. ಪಾರ್ಕಿನ ಬಾಡಿಗೆ ಕರಾರು ಕೇಳಿದರು, ಕೇಂದ್ರದ ನಿಯಮದಂತೆ ಕಟ್ಟಿದ ಮನೆ ಅನ್ನುವ ಗುರುತಿಗೆ ಹೊರಗೋಡೆಗೆ ಹೊಡೆದ ಕೆಂಪು ತಗಡಿನ ಫೋಟೋ ಕೇಳಿದರು, ವೀಸಾದ ಕಾಗದ ಎರಡು ಸಲ ಕೇಳಿದರು. ಡೀಲರ್ ದಿನಾ ಫೋನ್ ಮಾಡಿ, "ಕಂತು ನೋಡಿ ಸಾರ್, ನಮ್ಮದೇ ಕಡಿಮೆ" ಅನ್ನುತ್ತಿದ್ದರು.

ನಿಜ, ಅವರದೇ ಕಡಿಮೆ. ಸ್ಯಾನ್ ಹೋಸೆ ಮನೆಗೆ ಮುಂಗಡ 50 ಸಾವಿರ ಕೊಟ್ಟು 2 ಲಕ್ಷ ಸಾಲ ತೆಗೆದರೆ ಅವರ ಕಂತು 1,799, ಕ್ರೆಡಿಟ್ ಯೂನಿಯನ್‌ನದ್ದು 1,854. ತಿಂಗಳಿಗೆ 55 ಡಾಲರ್ ವ್ಯತ್ಯಾಸ. ಆದರೆ ಕೊನೆತನಕ ಕೂಡಿಸಿ ನೋಡಿ. ಮೊದಲನೆಯವರಿಗೆ ಕಟ್ಟುವ ಬಡ್ಡಿ ಸುಮಾರು 2.32 ಲಕ್ಷ, ಅಸಲಿಗಿಂತ ಜಾಸ್ತಿ. ಎರಡನೆಯವರಿಗೆ 1.34 ಲಕ್ಷ. 55 ಡಾಲರ್ ಉಳಿಸಲು ಹೋಗಿ 98 ಸಾವಿರ ಕಳೆದುಕೊಳ್ಳುವ ವ್ಯಾಪಾರ. ಆರು ವಾರ ಅಲೆದದ್ದಕ್ಕೆ ನನಗೆ ಬೇಜಾರಿಲ್ಲ.

ಮೂರನೆಯ ದಾರಿ 401(ಕೆ) ಸಾಲ, ಅಂದರೆ ನಮ್ಮದೇ ನಿವೃತ್ತಿ ಹಣದಿಂದ ನಾವೇ ಎತ್ತುವುದು. ನಮಗೆ ಹಕ್ಕಾಗಿರುವ ಹಣದ ಅರ್ಧ, ಹೆಚ್ಚೆಂದರೆ 50 ಸಾವಿರ. ಕಟ್ಟುವ ಬಡ್ಡಿ ನಮ್ಮ ಖಾತೆಗೇ ವಾಪಸ್ ಬರುತ್ತದೆ. ಇಡೀ ಮನೆಗೆ ಅದು ಸಾಲದು, ಮುಂಗಡಕ್ಕೆ ಆಗುತ್ತದೆ. ನಾನು 30 ಸಾವಿರ ಎತ್ತಿದೆ. ಕೆಲಸ ಹೋದರೆ ಬಾಕಿಯನ್ನು ಆ ವರ್ಷದ ತೆರಿಗೆ ಲೆಕ್ಕ ಸಲ್ಲಿಸುವ ಗಡುವಿನೊಳಗೆ ತುಂಬಬೇಕು, ಇಲ್ಲವೆಂದರೆ ಅದು ಆದಾಯ ಅಂತ ತೆರಿಗೆ ಬೀಳುತ್ತದೆ. ಆ ವರ್ಷ ಈ ಸಿಲಿಕಾನ್ ಕಣಿವೆಯಲ್ಲಿ ಲೇಆಫ್ ಸುದ್ದಿ ಇಲ್ಲದ ವಾರವೇ ಇರಲಿಲ್ಲ. ರಾತ್ರಿ ಎಷ್ಟೋ ಸಲ ಎದ್ದು ಕೂತಿದ್ದೇನೆ. ಎರಡನೇ ಸಲವಾದರೆ ಈ ಸಾಹಸಕ್ಕೆ ಕೈ ಹಾಕುವುದಿಲ್ಲ.

ಕೆಲವರು ಎಫ್‌ಎಚ್‌ಎ ಸಾಲ, ಅಂದರೆ ಕೇಂದ್ರ ಸರ್ಕಾರ ಸಾಲ ಕೊಡುವವರಿಗೆ ವಿಮೆ ಕೊಡುವ ಸಾಲ, ಅನ್ನುತ್ತಾರೆ. ಬಾಡಿಗೆ ನೆಲದ ಮನೆಗೂ ಅವರದ್ದು ಒಂದು ಯೋಜನೆ ಇದೆ, ಟೈಟಲ್ ಒನ್ ಅಂತ. ಆದರೆ ಕೊಡುವವರು ಬೆರಳೆಣಿಕೆ. ಎಚ್-1ಬಿಯಲ್ಲಿ ಇರುವವರಂತೂ ಇದನ್ನು ಮರೆಯಬಹುದು, 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದವರಿಗೆ ಎಫ್‌ಎಚ್‌ಎ ಬಾಗಿಲು ಮುಚ್ಚಿದೆ.

ಬಡ್ಡಿಯ ಮೇಲೆ ಇಷ್ಟು ತಲೆ ಕೆಡಿಸಿಕೊಂಡ ನಾನು, ನಿಜವಾದ ಲೆಕ್ಕ ಮಾಡಿದ್ದು ಆಮೇಲೆ. ನಮ್ಮ 1,250 ಬಾಡಿಗೆ ವರ್ಷಕ್ಕೆ 3% ಏರಿದರೆ 15 ವರ್ಷದ ಕೊನೆಗೆ 1,947. 7% ಏರಿದರೆ 3,449. ಸಾಲ ಮುಗಿಯುತ್ತದೆ, ಬಾಡಿಗೆ ಮುಗಿಯುವುದಿಲ್ಲ. ಅಷ್ಟೇ ಅಲ್ಲ, ಬಾಡಿಗೆ ಏರಿದಷ್ಟೂ ಮನೆಯ ಬೆಲೆ ಇಳಿಯುತ್ತದೆ. ಯಾಕೆ ಅಂದರೆ, ಮುಂದೆ ಕೊಳ್ಳುವವನ ಕೈಯಲ್ಲಿ ತಿಂಗಳಿಗೆ ಇಂತಿಷ್ಟೇ ದುಡ್ಡು. ಅದರಲ್ಲಿ 100 ಡಾಲರ್ ಬಾಡಿಗೆಗೆ ಹೋದರೆ, 9% ಬಡ್ಡಿ, 20 ವರ್ಷದ ಲೆಕ್ಕದಲ್ಲಿ ಅವನು ಸುಮಾರು 11 ಸಾವಿರ ಡಾಲರ್ ಕಡಿಮೆ ಸಾಲ ಎತ್ತುತ್ತಾನೆ. ಆ 11 ಸಾವಿರ ನಮ್ಮ ಮಾರಾಟದ ಬೆಲೆಯಿಂದ ಹೋಗುವಂಥದ್ದು. ಸನ್ನಿವೇಲ್ ಮನೆಯಲ್ಲಿ ಬಾಡಿಗೆ 1,500ರಿಂದ 2,100ಕ್ಕೆ ಹಾರಿತಲ್ಲ, ಆ 600 ಡಾಲರ್ ಅಂದರೆ 66 ಸಾವಿರಕ್ಕೂ ಜಾಸ್ತಿ. ಮಾರುವವರು ಬೆಲೆಯಲ್ಲಿ ಇಳಿಸಲು ಒಪ್ಪಿದ್ದು 10 ಸಾವಿರ. 9%ಗೆ ಸಾಲ ತೆಗೆದಿದ್ದರೆ ಕಂತು, ಬಾಡಿಗೆ ಸೇರಿ ತಿಂಗಳಿಗೆ 4,300 ದಾಟುತ್ತಿತ್ತು. ಸ್ಯಾನ್ ಹೋಸೆಯದ್ದು, ಕ್ರೆಡಿಟ್ ಯೂನಿಯನ್ ಕಂತು ಹಿಡಿದು, 3,104. ಚಂದದ ಅಡುಗೆಮನೆಯ ಆಸೆ ಅಲ್ಲಿಗೆ ಬಿಟ್ಟು ಸ್ಯಾನ್ ಹೋಸೆಯದ್ದನ್ನೇ ಕೊಂಡೆವು.

ನಡುವೆ 70 ಸಾವಿರಕ್ಕೆ ಒಂದು ಸಿಂಗಲ್ ವೈಡ್ ಕೂಡ ಕಣ್ಣಿಗೆ ಬಿದ್ದಿತ್ತು. 1972ರದ್ದು. ಇಂಥ ಮನೆಗಳಿಗೆ ಕೇಂದ್ರ ಸರ್ಕಾರದ ವಸತಿ ಇಲಾಖೆಯ (ಎಚ್‌ಯುಡಿ) ಕಟ್ಟಡ ನಿಯಮ ಜಾರಿಗೆ ಬಂದದ್ದು 1976ರ ಜೂನ್ 15ಕ್ಕೆ. ಅದಕ್ಕಿಂತ ಹಳೆಯದಕ್ಕೆ ಆ ಕೆಂಪು ತಗಡು ಇರುವುದಿಲ್ಲ, ಸಾಲ ಕೊಡುವವರೂ ಸಿಗುವುದು ಅಪರೂಪ. ನಗದು ಇದ್ದರೆ ಮಾತ್ರ. ಇನ್ನು ತೀರಾ ಅಗ್ಗ ಅನ್ನಿಸಿದರೆ ಮೊದಲು ಪಾರ್ಕಿನ ವಯಸ್ಸಿನ ನಿಯಮ ನೋಡಿ. 55 ದಾಟಿದವರಿಗೆ ಮೀಸಲಾದ ಪಾರ್ಕುಗಳು ಬಹಳ ಇವೆ. ನಾವು ಎರಡು ಭಾನುವಾರ ಹೀಗೇ ಸುಮ್ನೆ ಹಾಳು ಮಾಡಿಕೊಂಡೆವು.

ಪಾರ್ಕೇ ಮುಚ್ಚಿದರೆ? ಇದನ್ನು ಅಪ್ಪ ಅಲ್ಲ, ಅಮ್ಮ ಕೇಳಿದ್ದು. ಪಾಲೊ ಆಲ್ಟೊದ ಬ್ವೇನಾ ವಿಸ್ತಾ ಪಾರ್ಕನ್ನು ಮುಚ್ಚುವ ಮಾತು ವರ್ಷಗಟ್ಟಲೆ ನಡೆದು, 2017ರಲ್ಲಿ ಸಾಂಟಾ ಕ್ಲಾರಾ ಕೌಂಟಿಯ ವಸತಿ ಪ್ರಾಧಿಕಾರ ಅದನ್ನು ಕೊಂಡ ಮೇಲೆ ಅಲ್ಲಿನವರು ಉಸಿರು ಬಿಟ್ಟರು. ಎಲ್ಲಾ ಪಾರ್ಕಿಗೂ ಹಾಗೆ ಯಾರೋ ಬಂದು ಕೈ ಹಿಡಿಯುತ್ತಾರೆ ಅನ್ನಲಾಗದು. ಅಮ್ಮನಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ.

ಕೊಳ್ಳುವಾಗ ನಡೆದದ್ದು ಇಷ್ಟು: ಪಾರ್ಕಿನವರು ನಮ್ಮನ್ನೂ ಒಪ್ಪಬೇಕು, ಅರ್ಜಿ ಪೂರ್ತಿ ಕೊಟ್ಟ ಮೇಲೆ ಉತ್ತರಕ್ಕೆ ಅವರಿಗೆ 15 ಕೆಲಸದ ದಿನ. ಕೌಂಟಿಯಿಂದ ತೆರಿಗೆ ಬಾಕಿ ಇಲ್ಲ ಅನ್ನುವ ಪತ್ರ ಬೇಕು. ಪರೀಕ್ಷೆ ಮಾಡುವವರನ್ನು ಮನೆಯ ಕೆಳಗೆ ತೂರಿಸಿ. ನಮ್ಮವರು ಹೊರಬಂದಾಗ ಮೈಯೆಲ್ಲಾ ಜೇಡರ ಬಲೆ, ಕೈಯಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ ಪೈಪಿನ ತುಂಡಿನ ಫೋಟೋ. ಪಾಲಿಬ್ಯುಟಿಲೀನ್, ಆ ಕಾಲದ ಮನೆಗಳಲ್ಲಿ ಮಾಮೂಲು, ಒಳಗಿಂದ ಒಡೆಯುವ ಜಾತಿ. ಅದನ್ನು ತೋರಿಸಿ 6 ಸಾವಿರ ಕಡಿಮೆ ಮಾಡಿಸಿದೆವು. ಅಷ್ಟೂ ದುಡ್ಡು ಹೊಸ ಪೈಪಿಗೇ ಹೋಯಿತು.

ಕಳೆದ ವರ್ಷ ಅಪ್ಪ ಬಂದಿದ್ದರು. ಮನೆ ಸುತ್ತ ಹೆಜ್ಜೆ ಹಾಕಿ ಅಳೆದರು. ಬಗ್ಗಿ ಅಡಿಯಲ್ಲಿ ಇಣುಕಿ ಕಬ್ಬಿಣದ ತೊಲೆ, ಅದರ ಕೆಳಗಿನ ಕಂಬ ಎಣಿಸಿದರು. ಕರಿಬೇವು ಯಾಕೆ ಕುಂಡದಲ್ಲಿಟ್ಟಿದ್ದೀರಿ ಅಂತ ಕೇಳಿದರು. ನೆಲದಲ್ಲಿ ನೆಡಬೇಕಾದರೆ ಪಾರ್ಕಿನವರಿಗೆ ಅರ್ಜಿ ಕೊಡಬೇಕು ಅಂದೆ. ಅವರು ಏನೂ ಹೇಳಲಿಲ್ಲ. ಹೊರಡುವ ಹಿಂದಿನ ದಿನ ಫ್ರಿಡ್ಜಿಗೆ ಅಂಟಿಸಿದ್ದ ಬಾಡಿಗೆ ಪತ್ರ ಓದಿದರು. ಎರಡನೇ ಸಲದ ಏರಿಕೆ, 3%, ಈಗ 1,326. "ಸಾಲ ಇನ್ನೆಷ್ಟು ವರ್ಷ?" ಅಂದರು. ಹದಿಮೂರು ಅಂದೆ. ಅವರು ಜೇಬಿನಿಂದ ಪೆನ್ನು ತೆಗೆದು ಆ ಪತ್ರದ ಹಿಂದೆಯೇ ಲೆಕ್ಕ ಬರೆಯತೊಡಗಿದರು.