ಎಫ್‌ಬಿಎಸ್ಸೋ, ಎಚ್‌ಬಿಎ1ಸಿಯೋ?

ಅಪ್ಪನಿಗೆ ಶುಗರ್ ಇದೆಯಾ ಅಂತ ನೋಡಲು ಯಾವ ಟೆಸ್ಟ್ ಮಾಡಿಸಲಿ ಅಂತ ಕೇಳಿದ್ದೀರಿ. ಮೊದಲು ಹೆಸರು ಬಿಡಿಸೋಣ. ಎಫ್‌ಬಿಎಸ್ ಅಂದರೆ ಖಾಲಿ ಹೊಟ್ಟೆಯ ಸಕ್ಕರೆ, ಆ ಒಂದು ಬೆಳಗ್ಗೆಯ ಲೆಕ್ಕ. ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನುವುದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಇದರಲ್ಲಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ.

ದುಡ್ಡಿನಲ್ಲಿ ಎಫ್‌ಬಿಎಸ್ ಅಗ್ಗ. ಆದರೆ 8 ಗಂಟೆ ನೀರು ಬಿಟ್ಟು ಏನೂ ಮುಟ್ಟಬಾರದು. ಅರ್ಧ ಲೋಟ ಕಾಫಿ ಕುಡಿದರೂ ಲೆಕ್ಕ ಕೆಡುತ್ತದೆ. ವಯಸ್ಸಾದವರಿಗೆ ಇದು ಕಷ್ಟ ಅಲ್ವಾ? ಎಚ್‌ಬಿಎ1ಸಿಗೆ ತಿಂಡಿ ತಿಂದೇ ಹೋಗಬಹುದು. ಹಿಂದಿನ ದಿನ ಸಿಹಿ ಬಿಟ್ಟರೂ ಅದು ಬದಲಾಗುವುದಿಲ್ಲ.

ಹಾಗಂತ ಎಲ್ಲರಿಗೂ ಅದೇ ಸರಿ ಅಂತಲ್ಲ. ರಕ್ತಹೀನತೆ ಇದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದು ತಪ್ಪು ತೋರಿಸಬಹುದು. ಅಂಥವರಿಗೆ ಎಫ್‌ಬಿಎಸ್ ವಾಸಿ. ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟೇ ಬೇರೆ ಇದೆ.

ರಿಪೋರ್ಟ್ ಕೈಗೆ ಬಂದಾಗ ಎಫ್‌ಬಿಎಸ್ 100ರಿಂದ 125 (mg/dL), ಎಚ್‌ಬಿಎ1ಸಿ 5.7ರಿಂದ 6.4 (ಶೇಕಡಾ) ಇದ್ದರೆ ಅದು ಪ್ರಿಡಯಾಬಿಟಿಸ್, ಅಂದರೆ ಇನ್ನೂ ಕಾಯಿಲೆ ಅಲ್ಲ, ಅಂಚಿನಲ್ಲಿದ್ದಾರೆ. 126 ಅಥವಾ 6.5 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಡಯಾಬಿಟಿಸ್. ಆದರೂ ಬಾಯಾರಿಕೆ, ಪದೇ ಪದೇ ಮೂತ್ರದಂಥ ಲಕ್ಷಣ ಇಲ್ಲದಿದ್ದರೆ ಒಂದೇ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ. ಡಾಕ್ಟರು ಇನ್ನೊಂದು ಟೆಸ್ಟ್ ಮಾಡಿಸಿಯೇ ಖಚಿತ ಮಾಡುತ್ತಾರೆ.